ಕರುಳು ಕೊರಳಾದ ಕರಡು

ನವೆಂಬರ್ 6

ಪ್ರೀತಿಯ ಅಪ್ಪನಿಗೆ,

ಎರಡನೇ ಸುತ್ತಿನ ಔಷಧಿ ಸೋಮವಾರ ಮುಗಿಯಿತು. ಆರರಲ್ಲಿ ಇನ್ನು ನಾಲ್ಕು. ನೀವು ಇಲ್ಲಿದ್ದಾಗ ಆಗುತ್ತಿದ್ದಷ್ಟು ವಾಂತಿ ಈಗಿಲ್ಲ. ಕೂದಲು ಮಾತ್ರ ಬಾಚಣಿಗೆಗೆ ಕಂತೆ ಕಂತೆ ಬರುತ್ತಿತ್ತು, ಪೂರ್ತಿ ತೆಗೆಸಿಬಿಟ್ಟೆ. ಎಡಗಿವಿಯ ಕೆಳಗಿನ ಗಂಟು ಯಾರಿಗೂ ಕಾಣದಂತೆ ತಲೆಯಿಂದ ಭುಜದವರೆಗೂ ಸ್ಕಾರ್ಫ್ ಸುತ್ತಿಕೊಳ್ಳುತ್ತೇನೆ. ಫೋನ್ ಮಾಡಿದರೆ ನಿಮ್ಮ ಕಿವಿಗೆ ಕೇಳುವುದಿಲ್ಲ, ಬರೆದರೆ ತಪ್ಪು ಹುಡುಕುತ್ತೀರಿ. ಏನಾದರಾಗಲಿ ಎಂದು ಬರೆಯುತ್ತಿದ್ದೇನೆ.

ಒಂದು ವಿಷಯ ಹೇಳಬೇಕು, ನಗಬೇಡಿ. ವಾರ್ಡಿನಲ್ಲಿ ಪಕ್ಕದ ಮಂಚದವರನ್ನು ನಾನು ಅಕ್ಕ ಎನ್ನುತ್ತೇನೆ. ನನ್ನದೇ ಕಾಯಿಲೆ, ಅದೇ ಔಷಧಿ. ಭಾನುವಾರ ಅವರು ನನ್ನನ್ನು ಒಂದು ಪ್ರಾರ್ಥನಾಕೂಟಕ್ಕೆ ಕರೆದುಕೊಂಡು ಹೋದರು. ಹಳೆಯ ಗೋದಾಮು, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಕೂಟ ನಡೆಸುವವರ ಹೆಸರಿನ ಮುಂದೆ ಬೋರ್ಡಿನಲ್ಲಿ ಪ್ರವಾದಿ ಎಂದು ಬರೆದಿದ್ದರೂ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. ಅಣ್ಣ ಹಾಡು ನಿಲ್ಲಿಸಿ ಕಣ್ಣು ಮುಚ್ಚಿದರು. ಆಮೇಲೆ, "ಹಿಂದಿನ ಸಾಲಲ್ಲಿ ನೀಲಿ ಸ್ಕಾರ್ಫ್ ಕಟ್ಟಿರೋ ತಂಗಿ, ಎದ್ದು ನಿಲ್ಲಮ್ಮ. ನೀನು ಬಟ್ಟೆ ಹೊಲಿಯೋಳು. ನಿನ್ನ ಕರುಳಲ್ಲಿ ಒಂದು ಗಂಟಿದೆ ಅಂತ ಕರ್ತ ನನಗೆ ತೋರಿಸ್ತಿದ್ದಾನೆ. ಹೆದರಬೇಡ, ಅದನ್ನ ಅವನೇ ಬಿಚ್ತಾನೆ" ಎಂದರು.

ಅಪ್ಪಾ, ಅಲ್ಲಿ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅಮ್ಮ ಹೋದ ಮೇಲೆ ದೇವರು ನಮ್ಮ ಮನೆ ಕಡೆ ತಿರುಗಿಯೂ ನೋಡಿಲ್ಲ ಎಂದುಕೊಂಡಿದ್ದೆ. ಆವತ್ತು ಸಾವಿರ ಜನರ ಮಧ್ಯೆ ನನ್ನನ್ನು ಹುಡುಕಿ ಕರೆದ ಹಾಗಾಯಿತು. ಬಹಳ ಅತ್ತೆ.

ನಿಮ್ಮ ಮಗಳು

*

ನವೆಂಬರ್ 15

ಕೊಂಬಮ್ಮನಿಗೆ ಆಶೀರ್ವಾದ.

ನಿನ್ನ ಪತ್ರದಲ್ಲಿ ಈ ಸಲ ಒಂದೇ ಒಂದು ತಪ್ಪು, ಭೇಷ್! ಅದೂ ನಿನ್ನ ಹಳೇ ತಪ್ಪು. 'ಕೊ'ದ ಒತ್ವ ನುಂಗಿ 'ರ'ಕ್ಕೆ ಕೊಂಬು ಅಂಟಿಸಿದ್ದೀಯ. ಕೊರಳು ಕಣೇ, ಕರುಳಲ್ಲ. ಮೂರನೇ ಕ್ಲಾಸಿನಲ್ಲಿ 'ಹಸುವಿನ ಕರುಳಿಗೆ ಗಂಟೆ ಕಟ್ಟಿದರು' ಎಂದು ಪ್ರಬಂಧ ಬರೆದಿದ್ದೆಯಲ್ಲ, ನಿನ್ನ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಿನಗೆ ಕೊಂಬಮ್ಮ ಎಂದು ಹೆಸರಿಟ್ಟದ್ದೂ ಆವತ್ತೇ. ಮೂವತ್ತು ದಾಟಿದರೂ ಆ ಹಸುವಿಗೆ ನಿನ್ನಿಂದ ಬಿಡುಗಡೆ ಇಲ್ಲ.

ನಿನ್ನ ಅಣ್ಣನ ವಿಷಯ. ನಗುವುದಿಲ್ಲ. ಆದರೆ ಹಳೇ ಪ್ರವಾದಿಗಳ ಪಾಡು ನೀನೂ ಭಾನುವಾರದ ಶಾಲೆಯಲ್ಲಿ ಓದಿದ್ದೀಯ. ಒಬ್ಬನನ್ನು ಕೆಸರಿನ ಬಾವಿಗಿಳಿಸಿದರು, ಒಬ್ಬ ಕಾಡಿಗೆ ಓಡಿಹೋಗಿ ಸಾವು ಬೇಡಿದ, ಒಬ್ಬನ ತಲೆಯೇ ಹೋಯಿತು. ಜನ ಕೇಳಬಯಸದ್ದನ್ನು ಹೇಳಿ ಒದೆ ತಿಂದವರು ಅವರು. ಜನ ಕೇಳಬಯಸಿದ್ದನ್ನೇ ಹೇಳಿ ಕುರ್ಚಿ ತುಂಬಿಸುವವನ ಬಗ್ಗೆ ಸ್ವಲ್ಪ ಹುಷಾರಾಗಿರು. ನಮ್ಮ ಹಳೇ ಪಾಸ್ಟರು ಹೇಳುತ್ತಿದ್ದರು, ಪ್ರವಾದಿ ಹೇಳಿದ್ದು ನಡೆಯಿತೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಲದು, ಅವನು ನಿನ್ನ ಮುಖವನ್ನು ಯಾರ ಕಡೆ ತಿರುಗಿಸುತ್ತಾನೆ ನೋಡು ಎಂದು. ಕರ್ತನ ಕಡೆಗೋ, ತನ್ನ ಕಡೆಗೋ?

ಪ್ರಾರ್ಥನೆ ಮಾಡಿಸಿಕೋ, ಬೇಡವೆನ್ನುವುದಿಲ್ಲ. ಔಷಧಿ ಬಿಡಬೇಡ. ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಸುಗ್ಗಿ, ಅದು ಮುಗಿಯುವವರೆಗೆ ಕರಡು ತಿದ್ದುವವನಿಗೆ ಯಜಮಾನ ರಜೆ ಕೊಡುವುದಿಲ್ಲ. ನಾಲ್ಕನೇ ಸುತ್ತಿಗೆ ಖಂಡಿತ ಬರುತ್ತೇನೆ, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನನ್ನ ಜಾಗ ಕಾದಿರಿಸು.

ಕೆಂಪು ಪೆನ್ನಿನ ನಿನ್ನ ಅಪ್ಪ

*

ಡಿಸೆಂಬರ್ 4

ಪ್ರೀತಿಯ ಅಪ್ಪನಿಗೆ ಸ್ತೋತ್ರ.

ಮೂರನೆಯದೂ ಆಯಿತು. ಗಂಟು ಅರ್ಧಕ್ಕರ್ಧ ಇಳಿದಿದೆ! ಡಾಕ್ಟರು ಔಷಧಿ ಚೆನ್ನಾಗಿ ಹಿಡಿದಿದೆ ಎಂದರು. ಅಣ್ಣನಿಗೆ ಹೇಳಿದಾಗ ನಕ್ಕು, "ಔಷಧಿ ಹಿಡೀತೋ, ದೇವರ ಕೈ ಹಿಡೀತೋ, ನೀನೇ ಹೇಳಮ್ಮ" ಎಂದರು.

ಗಾರ್ಮೆಂಟ್ಸ್ ಹಾಸ್ಟೆಲ್ ಬಿಟ್ಟು ಅಣ್ಣನವರ 'ಆಶ್ರಯ'ಕ್ಕೆ ಬಂದಿದ್ದೇನೆ, ಗೋದಾಮಿನ ಹಿಂದೆಯೇ. ಇಲ್ಲಿ ಹದಿನಾರು ಜನ ಹೆಂಗಸರಿದ್ದೇವೆ. ನಾನು ಹಾಡುವವರ ನಿಲುವಂಗಿ ಹೊಲಿಯುತ್ತೇನೆ, ಮೈಗೆ ಆದಷ್ಟು. ಮನಸ್ಸು ಚೆದರಬಾರದೆಂದು ಫೋನುಗಳನ್ನು ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ. ನಮಗೆ ಹೇಗೂ ಪತ್ರವೇ.

ನಿಮಗೊಂದು ಕೆಲಸ ತಂದಿದ್ದೇನೆ. ಪ್ರಾರ್ಥನೆಯಿಂದ ಗುಣವಾದವರ ಸಾಕ್ಷಿಗಳ ಪುಸ್ತಕ ಅಚ್ಚು ಹಾಕಿಸುತ್ತಾರಂತೆ. "ನಮ್ಮಪ್ಪ ಕರಡು ತಿದ್ದಿದ್ರೆ ಅದರಲ್ಲಿ ದೇವರೂ ತಪ್ಪು ಹುಡುಕೋಕಾಗಲ್ಲ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನಿಮ್ಮ ಪ್ರೆಸ್ಸಿಗೇ ಕಳಿಸುತ್ತಾರೆ. ನನ್ನ ಸಾಕ್ಷಿಯೂ ಇದೆ. ಗೊಣಗದೆ ಮಾಡಿಕೊಡಿ ಅಪ್ಪಾ.

ಕರ್ತನಲ್ಲಿ ನಿಮ್ಮ ಮಗಳು

*

ಡಿಸೆಂಬರ್ 22

ಕೊಂಬಮ್ಮಾ,

ಗಂಟು ಇಳಿದ ಸುದ್ದಿ ಓದಿ, ಯಜಮಾನನ ಎದುರಿಗೇ ಕುರ್ಚಿಯಿಂದೆದ್ದು ಕುಣಿದೆ. ಮಂಡಿ ಎರಡು ದಿನ ಮುಷ್ಕರ ಹೂಡಿತು. ಡಾಕ್ಟರಿಗೆ ನನ್ನ ನಮಸ್ಕಾರ ಹೇಳು. ದೇವರಿಗೆ ನಾನೇ ಹೇಳಿದ್ದೇನೆ.

ನಿಮ್ಮವರ ಪುಸ್ತಕ ಬಂತು, ಹೋಯಿತು. ಎಂಟೇ ದಿನದಲ್ಲಿ ಅಚ್ಚಾಗಬೇಕೆಂದು ತಲೆ ತಿಂದರು. ಯಪ್ಪಾ, ಎಂಥ ಕನ್ನಡ! ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಅಣ್ಣತಮ್ಮಂದಿರಂತೆ ಒಂದೇ ತಟ್ಟೆಯಲ್ಲಿ ಉಂಡಿದ್ದವು. ಹದಿನಾಲ್ಕನೇ ಪುಟದಲ್ಲಿ ನಿನ್ನ ಸಾಕ್ಷಿ ಸಿಕ್ಕಿತು. ಅಲ್ಲೂ ನಿನ್ನ ಹಸು ಮೇಯುತ್ತಿತ್ತು! ಕರುಳು ಹೊಡೆದುಹಾಕಿ ಕೊರಳು ಮಾಡಿ, 'ಅಚ್ಚಿಗೆ ಯೋಗ್ಯ' ಎಂದು ಸಹಿ ಹಾಕಿದೆ. ಮಗಳ ಮಾನ ಉಳಿಯಿತು.

ನಾಲ್ಕನೇ ಸುತ್ತು ಯಾವತ್ತು? ಹೋದ ಪತ್ರದಲ್ಲಿ ಅದನ್ನೇ ಬರೆಯಲಿಲ್ಲ. ತಾರೀಖು ತಿಳಿಸಿದರೆ ರಜೆಗೆ ಅರ್ಜಿ ಕೊಡುತ್ತೇನೆ.

ನಿನ್ನ ಅಪ್ಪ

*

ಜನವರಿ 20

ಪ್ರಿಯ ತಂದೆಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಮೊದಲು ನನ್ನ ಪಾಪವನ್ನು ಒಪ್ಪಿಕೊಳ್ಳುತ್ತೇನೆ.

ಆ ಮೊದಲ ಭಾನುವಾರ ಅಣ್ಣ ನನ್ನ ಗಂಟಿನ ವಿಷಯ ಹೇಳಿದಾಗ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಕರುಳು ಎಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿತ್ತು. ನನ್ನ ಗಂಟು ಇರುವುದು ಕಿವಿಯ ಕೆಳಗೆ. ನಾನು ಯಾರಿಗೂ ಹೇಳಲಿಲ್ಲ, ಆದರೆ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು. ಅದಕ್ಕೇ ಮೂರನೇ ಸುತ್ತಿಗೆ ಹೋದೆ. ನಾಲ್ಕನೆಯದಕ್ಕೂ ಹೆಸರು ಕೊಟ್ಟಿದ್ದೆ.

ಅಷ್ಟರಲ್ಲಿ ಪುಸ್ತಕ ಬಂತು. ಹದಿನಾಲ್ಕನೇ ಪುಟ ತೆಗೆದೆ. 'ಕೊರಳಲ್ಲಿ ಗಂಟಿದೆ' ಎಂದಿದೆ. ಪುಸ್ತಕ ನೋಡಿಕೊಂಡೇ ಬರೆಯುತ್ತಿದ್ದೇನೆ, ಈ ಸಲ ತಪ್ಪಿಲ್ಲ. ಅಣ್ಣ ಸರಿಯಾಗಿಯೇ ಹೇಳಿದ್ದರು, ನನ್ನ ಅಪನಂಬಿಕೆಯ ಕಿವಿ ತಪ್ಪಾಗಿ ಕೇಳಿತ್ತು. ನಿಮ್ಮ ಪತ್ರ ಅದಕ್ಕೂ ಮೊದಲೇ ಬಂದಿತ್ತು. ನೀವು ಅದನ್ನು ತಿದ್ದಿದ್ದು ನನ್ನ ಬರವಣಿಗೆಯ ತಪ್ಪೆಂದು ತಾನೇ? ಹಾಗಾದರೆ ನಾನು ಬರೆಯುವಾಗಲೂ ತಪ್ಪಿದ್ದೆ, ಕೇಳುವಾಗಲೂ ತಪ್ಪಿದ್ದೆ. ಎಲ್ಲರ ಮುಂದೆ ಮೊಣಕಾಲೂರಿ ಒಪ್ಪಿಕೊಂಡೆ.

ಆಸ್ಪತ್ರೆಗೆ ಇನ್ನು ಬರುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ. ಗುಣ ಕೊಟ್ಟವನ ಮೇಲೆ ಅನುಮಾನಪಟ್ಟು ಸೂಜಿ ಚುಚ್ಚಿಸಿಕೊಳ್ಳುವುದು ಅವಮಾನ ಎಂದು ಅಣ್ಣ ಹೇಳಿದರು. ಈಗ ನೆಮ್ಮದಿಯಾಗಿದ್ದೇನೆ. ನೀವು ಬರುವುದು ಬೇಡ.

ಕರ್ತನ ದಾಸಿ, ನಿಮ್ಮ ಮಗಳು

*

ಜನವರಿ 27

ಮಗಳೇ,

ಈ ಪತ್ರವನ್ನು ನಿಂತುಕೊಂಡು ಓದು, ಕೂತುಕೊಂಡು ಓದು, ಆದರೆ ಒಬ್ಬಳೇ ಓದು.

ನಿನ್ನ ಪತ್ರ ಬಂದ ಕೂಡಲೇ ಪ್ರೆಸ್ಸಿನ ಹಳೇ ಪ್ರತಿಗಳ ಚೀಲ ಸುರುವಿದೆ. ಹದಿನಾಲ್ಕನೇ ಪುಟದ ಮೂಲಪ್ರತಿ ಸಿಕ್ಕಿತು. ಅದು ನಿನ್ನ ಅಕ್ಷರವೇ ಅಲ್ಲ. ನೀನು ಬರೆದು ಕೊಟ್ಟದ್ದೆಂದು ನಾನು ತಿಳಿದಿದ್ದೆ. ಪುಟದ ತಲೆಯಲ್ಲಿ 'ಅಣ್ಣನವರ ಧ್ವನಿಮುದ್ರಣದಿಂದ ಇಳಿಸಿದ್ದು' ಎಂದು ಬರೆದಿದೆ. ಅವಸರದಲ್ಲಿ ನಾನು ಅದನ್ನು ಗಮನಿಸಲಿಲ್ಲ. ಅವನು ಹೇಳಿದ್ದು ಕರುಳೇ. ನಿನ್ನ ಕಿವಿ ಸರಿಯಾಗಿತ್ತು. ನವೆಂಬರಿನ ನಿನ್ನ ಪತ್ರವೂ ಸರಿಯಾಗಿತ್ತು! ಜೀವಮಾನದಲ್ಲಿ ಒಂದೇ ಒಂದು ಸಲ ನೀನು ಆ ಪದವನ್ನು ಸರಿಯಾಗಿ ಬರೆದೆ, ನಾನು ಅದನ್ನೂ ತಿದ್ದಿದೆ. ಪುಸ್ತಕದಲ್ಲಿರುವ ಕೊರಳು ಅವನ ಬಾಯಿಂದ ಬಂದದ್ದಲ್ಲ, ನನ್ನ ಕೆಂಪು ಪೆನ್ನಿನಿಂದ ಬಂದದ್ದು.

ಈಗ ಒಂದು ಪ್ರಶ್ನೆ. ಆವತ್ತು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ ಎಂದೆ, ಒಪ್ಪಿದೆ. ಒಳಗೆ ಹೋಗುವ ಮೊದಲು ಕಾಗದದ ಮೇಲೆ ಏನಾದರೂ ಬರೆದೆಯಾ? ಬರೆದಿದ್ದರೆ ಆ ಪದವನ್ನು ಹೇಗೆ ಬರೆದಿರುತ್ತೀಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲವನ್ನೂ ಬಲ್ಲ ದೇವರು ನಿನ್ನ ಕಾಗುಣಿತದ ತಪ್ಪನ್ನು ನೋಡಿಕೊಂಡು ಮಾತಾಡುವುದಿಲ್ಲ ಕಣೇ. ಚೀಟಿ ಓದಿದವನು ಮಾತ್ರ ಹಾಗೆ ಮಾತಾಡುತ್ತಾನೆ.

ರೋಗಿಗೆ ವೈದ್ಯ ಬೇಕು ಎಂದವನು ನಮ್ಮ ಕರ್ತ. ಸೂಜಿ ಅವಮಾನ ಎಂದವನು ಯಾರೋ ನನಗೆ ಗೊತ್ತಿಲ್ಲ. ಮೂಲಪ್ರತಿಯನ್ನೂ ಜೊತೆಗೆ ಇಟ್ಟಿದ್ದೇನೆ, ಬೆಳಕಿಗೆ ಹಿಡಿದು ನೋಡು. ನಾಳೆಯೇ ಆಸ್ಪತ್ರೆಗೆ ಹೋಗು. ನಿನ್ನ ಕಾಲಿಗೆ ಬೀಳುತ್ತೇನೆ.

ಅಪ್ಪ

*

ಫೆಬ್ರವರಿ 16

ತಂದೆಯವರಿಗೆ,

ನಿಮ್ಮ ಪತ್ರವನ್ನು ನಾವು ಸಹೋದರಿಯರು ಒಟ್ಟಿಗೆ ಓದಿದೆವು. ಇಲ್ಲಿ ಪತ್ರಗಳನ್ನು ಹಾಗೆಯೇ ಓದುವುದು.

ಹೌದು, ಬಾಗಿಲಲ್ಲಿ ಪ್ರಾರ್ಥನೆಯ ಚೀಟಿ ಬರೆಯುತ್ತೇವೆ, ಎಲ್ಲರೂ ಬರೆಯುತ್ತಾರೆ. ಅದು ದೇವರಿಗೆ ಬರೆಯುವುದು. ನಾನು ಹೇಗೆ ಬರೆದೆನೋ ನೆನಪಿಲ್ಲ.

ಮೂಲಪ್ರತಿಯನ್ನು ಅಣ್ಣನಿಗೆ ತೋರಿಸಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು, "ಮನುಷ್ಯನ ನಾಲಿಗೆ ತೊದಲತ್ತೆ. ನನ್ನ ನಾಲಿಗೆ ತೊದಲಿದ್ದನ್ನ ಕರ್ತ ಆ ತಂದೆ ಕೈಯಿಂದಲೇ ತಿದ್ದಿಸಿದ. ನಂಬದವನ ಕೈಯನ್ನೂ ಬಿಡಲಿಲ್ಲ ನೋಡಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಭಾನುವಾರ ನಿಮ್ಮ ಕೆಂಪು ಗುರುತನ್ನು ವೇದಿಕೆಯ ಮೇಲೆ ಎತ್ತಿ ತೋರಿಸುತ್ತಾರಂತೆ.

ನಲವತ್ತು ದಿನದ ಉಪವಾಸದಲ್ಲಿದ್ದೇನೆ, ಮುಗಿಯುವವರೆಗೆ ಬರೆಯಬೇಡಿ. ನಿಲುವಂಗಿಯ ಕತ್ತಿನ ಗುಂಡಿ ಈಗ ಹಾಕಲು ಬರುವುದಿಲ್ಲ, ಬಿಗಿಯಾಗುತ್ತದೆ. ಅದು ಬಟ್ಟೆ ಕುಗ್ಗಿದ್ದರಿಂದ.

ಕರ್ತನ ದಾಸಿ

*

ಫೆಬ್ರವರಿ 25

ನನ್ನ ಕಂದಾ,

ನಿಮ್ಮ ಗೇಟಿನ ಎದುರಿನ ಸೈಕಲ್ ಅಂಗಡಿಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೂರು ದಿನವಾಯಿತು. ಉಪವಾಸದಲ್ಲಿರುವವರು ಯಾರನ್ನೂ ನೋಡುವಂತಿಲ್ಲ ಎಂದು ಗೇಟಿನಲ್ಲಿ ನಿಂತವನು ಹೇಳುತ್ತಾನೆ. "ಅಪ್ಪ ಕಣಯ್ಯಾ ನಾನು" ಎಂದೆ. "ಆ ತಿದ್ದಿದ ಅಪ್ಪನಾ?" ಎಂದು ನನ್ನ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಬಾಗಿಲು ಮಾತ್ರ ತೆಗೆಯಲಿಲ್ಲ. ಪೊಲೀಸರ ಹತ್ತಿರ ಹೋದೆ. ಪ್ರಾಯಕ್ಕೆ ಬಂದವಳು, ತಾನೇ ಬರೆದುಕೊಟ್ಟಿದ್ದಾಳೆ, ನಾವೇನು ಮಾಡೋಣ ಎಂದರು.

ವಾದ ಮಾಡುವುದಿಲ್ಲ. ಕಾಗುಣಿತವೂ ಬೇಡ, ಪ್ರವಾದಿಯೂ ಬೇಡ. ನನಗೆ ನೀನು ಬೇಕು, ಅಷ್ಟೇ. ಇವತ್ತು ಗುಡಿಸುವ ಹೆಂಗಸಿನ ಕೈಗೆ ಈ ಪತ್ರ ಕೊಡುತ್ತೇನೆ, ಗುಟ್ಟಾಗಿ ಮುಟ್ಟಿಸುತ್ತಾಳಂತೆ. ಹೊರಗೆ ಬಾ ಮಗಳೇ. ಒಂದೇ ಒಂದು ಸಲ ಬಂದು, ನೀವು ಹೋಗಿ ಅಪ್ಪಾ ಎಂದು ನೀನೇ ಹೇಳು.

ಅಪ್ಪ

*

ಮಾರ್ಚ್ 19

ಅಪ್ಪಾ,

ಪೆನ್ಸಿಲ್ ಅಷ್ಟೇ ಸಿಕ್ಕಿದ್ದು. ನಿಮ್ಮ ಜಗಲಿಯ ಪತ್ರ ನಿನ್ನೆ ಕೈಗೆ ಬಂತು. ನೀವು ಹೋಗಿಬಿಟ್ಟಿರಿ ಎಂದರು.

ನೀರು ನುಂಗಲು ಆಗುತ್ತಿಲ್ಲ. ಬಲಗಡೆಯೂ ಗಂಟು ಬಂದಿದೆ. ಇಲ್ಲಿಯವರು ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ, ಭಾನುವಾರ ಬಂದವರಿಗೆ ಕಾಣಬಾರದೆಂದು.

ಕರುಳು ಅಂದಿದ್ದು ನನಗೆ ಆವತ್ತೇ ಗೊತ್ತಿತ್ತು ಅಪ್ಪಾ. ಚೀಟಿಯನ್ನೂ ನಾನು ಹಾಗೇ ಬರೆದಿದ್ದೆ, ಅದೂ ನೆನಪಿತ್ತು. ನೆನಪಿಲ್ಲ ಅಂತ ಸುಳ್ಳು ಬರೆದೆ. ಅಷ್ಟು ಜನರ ಮಧ್ಯೆ ದೇವರು ನನ್ನನ್ನು ಕರೆದಿರಲಿಲ್ಲ ಅಂತ ಒಪ್ಪಿಕೊಳ್ಳಲು ಆಗಲಿಲ್ಲ.

ಬೇಗ ಬನ್ನಿ. ಎಷ್ಟು ತಪ್ಪಿದ್ದರೂ ಬೈಯಬೇಡಿ.

ಕೊಂಬಮ್ಮ

*

ಜೂನ್ 2

ಅಪ್ಪನವರಿಗೆ ನಮಸ್ಕಾರ.

ನಾನು ಯಾರೆಂದರೆ, ಆಸ್ಪತ್ರೆಯಲ್ಲಿ ನಿಮ್ಮ ಮಗಳ ಪಕ್ಕದ ಮಂಚದವಳು. ಅಕ್ಕ ಎನ್ನುತ್ತಿದ್ದಳು. ಮಣ್ಣು ಮಾಡುವ ದಿನ ದೂರದಲ್ಲಿ ನಿಂತಿದ್ದೆ, ಹತ್ತಿರ ಬರಲು ಮುಖವಿರಲಿಲ್ಲ.

ಪುಸ್ತಕದ ಎರಡನೇ ಮುದ್ರಣ ಬಂದಿದೆ, ಬೇರೆ ಪ್ರೆಸ್ಸಿನಲ್ಲಿ. ಹದಿನಾಲ್ಕನೇ ಪುಟ ಹಾಗೇ ಇದೆ. ಕೊನೆಗೆ, 'ಸಂಪೂರ್ಣ ಗುಣ ಹೊಂದಿ ಕರ್ತನ ಸನ್ನಿಧಿಗೆ ಸೇರಿದಳು' ಎಂದು ಒಂದು ಸಾಲು ಸೇರಿಸಿದ್ದಾರೆ. ಅದನ್ನು ಓದಿದ ಮೇಲೆ ಈ ಪತ್ರ ಬರೆಯಲು ಕೂತೆ.

ಆವತ್ತು ಬಾಗಿಲಲ್ಲಿ ಚೀಟಿ ತೆಗೆದುಕೊಂಡವಳು ನಾನೇ. ಚೀಟಿಯ ಮೂಲೆಯಲ್ಲಿ 'ನೀಲಿ ಸ್ಕಾರ್ಫ್, ಹಿಂದಿನ ಸಾಲು, ಹೊಲಿಗೆ ಕೆಲಸ' ಎಂದು ಬರೆದವಳೂ ನಾನೇ. ಅದನ್ನು ಅಣ್ಣನ ಕೋಣೆಗೆ ತಲುಪಿಸುವುದು ನನ್ನ ಸೇವೆಯಾಗಿತ್ತು. ಹಾಗಿದ್ದೂ ಅವರು ಕಣ್ಣು ಮುಚ್ಚಿ ಹೇಳಿದಾಗ ನಾನೂ ಅತ್ತೆ, ನಾನೂ ನಂಬಿದೆ. ಗೊತ್ತಿದ್ದೂ ಹೇಗೆ ನಂಬಿದೆ ಅಪ್ಪನವರೇ? ಪ್ರಾರ್ಥಿಸಿದ ಮೇಲೆ ದೇವರು ಬೇರೆ ಏನೋ ಸೇರಿಸುತ್ತಾನೆ ಎಂದುಕೊಂಡಿದ್ದೆ.

ನನಗೆ ಕಾಯಿಲೆ ಮರಳಿದೆ. ಮೊದಲಿನಿಂದ ಔಷಧಿ ಶುರು ಮಾಡಬೇಕು ಎನ್ನುತ್ತಾರೆ ಡಾಕ್ಟರು. ಹೋದ ಭಾನುವಾರ ಅಣ್ಣ ನನ್ನನ್ನೂ ನಿಲ್ಲಿಸಿ, ಗುಣವಾಯಿತು, ಹೋಗಬೇಡ ಎಂದರು. ಎಲ್ಲ ತಿಳಿದವಳು ನಾನು, ಆದರೂ ಮನಸ್ಸು ಆ ಕಡೆಗೇ ಎಳೆಯುತ್ತಿದೆ. ನೀವು ನನ್ನನ್ನು ಕ್ಷಮಿಸುವುದು ಬೇಡ. ಏನು ಮಾಡಲಿ, ಅಷ್ಟನ್ನೇ ಹೇಳಿ.

ಪಕ್ಕದ ಮಂಚದವಳು

*

ಜೂನ್ 9

ತಾಯಿ,

ನಿಮ್ಮ ಪತ್ರವನ್ನು ಮೊದಲ ಸಲ ಓದಿ ಹರಿದುಹಾಕಿದೆ. ಆಮೇಲೆ ಚೂರುಗಳನ್ನು ಆರಿಸಿ, ಅಂಟಿಸಿ, ಇನ್ನೊಂದು ಸಲ ಓದಿದೆ. ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಇದೆ, ಬಹಳ ಇದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಗೊತ್ತಿದ್ದೂ ಹೇಗೆ ನಂಬಿದೆ ಎಂದು ನೀವು ಕೇಳಿದ್ದೀರಿ. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಮೂಲಪ್ರತಿಯಲ್ಲಿ ಅನುಮಾನ ಬಂದರೆ ತಾನೇ ತಿದ್ದಬಾರದು, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವರನ್ನು ಕೇಳಬೇಕು. ನಲವತ್ತೊಂದು ವರ್ಷ ನಾನು ಅದನ್ನು ತಪ್ಪಿಲ್ಲ. ಮದುವೆಯ ಕಾಗದದಲ್ಲೂ ತಪ್ಪಿಲ್ಲ. 'ಧ್ವನಿಮುದ್ರಣದಿಂದ ಇಳಿಸಿದ್ದು' ಎಂಬ ಸಾಲನ್ನು ಅವಸರದಲ್ಲಿ ಗಮನಿಸಲಿಲ್ಲ ಎಂದು ಮಗಳಿಗೆ ಬರೆದಿದ್ದೆ. ಅದು ಸುಳ್ಳು. ಡಿಸೆಂಬರಿನಲ್ಲೇ ಅದನ್ನು ಓದಿದ್ದೆ. ಎರಡು ಸಲ ಓದಿದ್ದೆ. ಆ ಪದ ಅವನ ಬಾಯಿಂದ ಬಂದದ್ದು, ಅವಳ ಕೈಯಿಂದಲ್ಲ ಎಂದು ತಲೆಗೆ ಹೊಳೆದಿತ್ತು. ಪ್ರಶ್ನಾರ್ಥಕ ಹಾಕಲು ಪೆನ್ನೆತ್ತಿದೆ. ಆದರೆ ಗಂಟು ಅರ್ಧ ಇಳಿದ ಸುದ್ದಿ ಅದೇ ವಾರ ಬಂದಿತ್ತು. ಅವನನ್ನು ಅಷ್ಟು ಹಾಸ್ಯ ಮಾಡಿದವನು ನಾನು, ಹೌದು. ಆದರೂ ಆ ಗಳಿಗೆಯಲ್ಲಿ, ಒಂದು ವೇಳೆ ನಿಜವಾಗಿದ್ದರೆ, ನಮ್ಮ ಹುಡುಗಿಯನ್ನು ದೇವರು ನಿಜವಾಗಿಯೂ ಕರೆದಿದ್ದರೆ ಎಂದು ಆಸೆಪಟ್ಟೆ. ಪ್ರಶ್ನೆ ಕೇಳಿದರೆ ಆ ಆಸೆ ಹೋಗುತ್ತಿತ್ತು. ಅವಳದೇ ಹಳೇ ತಪ್ಪು ಎಂದು ನನಗೆ ನಾನೇ ಹೇಳಿಕೊಂಡು ತಿದ್ದಿಬಿಟ್ಟೆ.

ನಾನು ಆ ಹಿಂದಿನ ಕೋಣೆಯಿಂದ ಕರೆತಂದ ಮೇಲೆ ಅವಳು ಆಸ್ಪತ್ರೆಯಲ್ಲಿ ಇನ್ನೂ ಹತ್ತೊಂಬತ್ತು ದಿನ ಬದುಕಿದ್ದಳು. ಹತ್ತೊಂಬತ್ತು ದಿನವೂ ಇದನ್ನು ಹೇಳಬೇಕೆಂದು ಅವಳ ಮಂಚದ ಪಕ್ಕ ಕೂತೆ. ಅವಳು, ನಾನು ಸುಳ್ಳು ಬರೆದೆ ಅಪ್ಪಾ, ಕ್ಷಮಿಸಿ ಎಂದು ಸನ್ನೆ ಮಾಡುತ್ತಿದ್ದಳು. ನಾನು ತಲೆ ಸವರುತ್ತಾ ಕ್ಷಮಿಸಿದೆ, ಕ್ಷಮಿಸಿದೆ ಎನ್ನುತ್ತಿದ್ದೆ. ನನ್ನದನ್ನು ಹೇಳಲಿಲ್ಲ. ಈಗ ಮೊದಲ ಸಲ ಹೇಳುತ್ತಿದ್ದೇನೆ, ಅದೂ ನಿಮಗೆ.

ಸುಳ್ಳು ಪ್ರವಾದಿಯನ್ನು ಗುರುತಿಸುವುದು ಕಷ್ಟವಲ್ಲ ತಾಯಿ. ಅವಳೂ ಗುರುತಿಸಿದಳು, ನೀವೂ, ನಾನೂ. ಗುರುತಿಸಿದ ಮೇಲೆ ಮೂವರೂ ಅವನ ತಪ್ಪನ್ನು ಅವನಿಗೋಸ್ಕರ ತಿದ್ದಿಕೊಟ್ಟೆವು. ನಿಮ್ಮನ್ನು ಎಳೆಯುತ್ತಿರುವುದು ದೇವರಲ್ಲ, ಆ ಆಸೆ. ನನ್ನ ದೇವರ ಮೇಲಾಣೆ.

ಔಷಧಿ ಶುರು ಮಾಡಿಸಿ. ನಾನು ಪ್ರೆಸ್ಸಿನ ಕೆಲಸ ಬಿಟ್ಟಿದ್ದೇನೆ, ರಜೆ ಕೇಳುವ ತಾಪತ್ರಯವಿಲ್ಲ. ಮೊದಲ ಸುತ್ತು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೂಡಲೇ ಬರೆಯಿರಿ. ಅವಳ ನಾಲ್ಕನೆಯದು ನಡೆಯಲೇ ಇಲ್ಲ, ನಾನೂ ಬರಲಿಲ್ಲ. ನಿಮ್ಮದು ಆರೂ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಇರುತ್ತೇನೆ.

ಅವಳ ಅಪ್ಪ